ಲಂಟಾನದ ಎಲೆಯಲ್ಲಿ ಮದ್ದು ಹುಡುಕುವವರಿಗೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ಕಡೆಯಿಂದ ಬರುವ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಸೂಕ್ಷ್ಮಜೀವಿಶಾಸ್ತ್ರ ಹೇಳಿಕೊಡುತ್ತ ಬಂದವನು ನಾನು. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಪ್ರತಿ ತಂಡದಲ್ಲೂ ಯಾರಾದರೊಬ್ಬರು ಲಂಟಾನದ ಹೆಸರೆತ್ತುತ್ತಾರೆ. ಸಹಜವೇ. ಹೊಗೆಸೊಪ್ಪಿನ ಹೊಲದ ಬದು, ನಾಲೆಯ ಏರಿ, ನಾಗರಹೊಳೆ ಕಾಡಿನ ಅಂಚು, ಎಲ್ಲಿ ಕಣ್ಣು ಹಾಯಿಸಿದರೂ ಅದೇ ಪೊದೆ. ಎಲೆ ಹಿಸುಕಿದರೆ ಘಾಟು ಮೂಗಿಗೆ ಬಡಿಯುತ್ತದೆ. ಕುಯ್ದ ಬೆರಳಿಗೆ ಅದರ ರಸ ಹಿಂಡುವವರು ಇಂದಿಗೂ ಇದ್ದಾರೆ. ಈ ಗಿಡದಲ್ಲಿ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುವ ಸಂಯುಕ್ತಗಳು ಇವೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪೆಟ್ರಿ ತಟ್ಟೆಯಲ್ಲಿ ಒಂದು ತಿಳಿ ಉಂಗುರ ಕಂಡ ಕೂಡಲೇ ಮದ್ದು ಸಿಕ್ಕಿತೆಂದು ಹಿಗ್ಗುವ ಮಕ್ಕಳಿಗೆ, ಅವರ ಮಾತು ಕೇಳಿ ಆಸೆಪಡುವ ಅವರ ಊರಿನ ರೈತರಿಗೆ, ಉಂಗುರದಿಂದ ಮದ್ದಿನವರೆಗಿನ ದಾರಿ ಎಂಥದ್ದೆಂದು ತಿಳಿಸುವುದು ನನ್ನ ಹೊಣೆ ಎಂದುಕೊಂಡಿದ್ದೇನೆ. ಕೆಳಗಿನ ಪಾಠಗಳು ಅದಕ್ಕಾಗಿ.

1. ಕೈಯಲ್ಲಿರುವ ಗಿಡ ಯಾವುದು?

ಲಂಟಾನ ಕಮಾರಾ ಎಂದು ಲಿನೇಯಸ್ 1753ರಲ್ಲಿ ಹೆಸರಿಟ್ಟ ಈ ಗಿಡದ ತವರು ಅಮೆರಿಕ ಖಂಡದ ಉಷ್ಣವಲಯ. ಯುರೋಪಿನ ತೋಟಗಾರರು ಅದನ್ನು ಹೂವಿನ ಚೆಲುವಿಗಾಗಿ ಬೆಳೆಸಿದರು, ಒಂದರೊಡನೆ ಒಂದನ್ನು ಸಂಕರಗೊಳಿಸಿ ಬಗೆಬಗೆಯ ತಳಿ ಮಾಡಿದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದು ಅಲಂಕಾರದ ಗಿಡವಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಬೇಲಿಗೆಂದು ನೆಟ್ಟರು, ಹಕ್ಕಿಗಳು ಹಣ್ಣು ತಿಂದು ಬೀಜ ಬಿತ್ತಿದವು. ಹೀಗೆ ಊರಿಂದೂರಿಗೆ ಹಬ್ಬಿದ್ದರಿಂದ ಇಂದು ನಾವು ಒಂದೇ ಹೆಸರಿನಿಂದ ಕರೆಯುವುದು ಬೆರಕೆ ತಳಿಗಳ ಒಂದು ಗುಂಪನ್ನು. ಹುಣಸೂರಿನ ರಸ್ತೆಬದಿಯ ಕೆಂಪು-ಕಿತ್ತಳೆ ಹೂವಿನದು, ಹೊಲದ ಬದುವಿನ ಗುಲಾಬಿ-ಹಳದಿಯದು, ನರ್ಸರಿಯಿಂದ ತಂದು ಮನೆಮುಂದೆ ಇಟ್ಟ ಕುಳ್ಳು ಹಳದಿಯದು, ಮೂರೂ ಒಂದೇ ರಾಸಾಯನಿಕ ಸರಕನ್ನು ಹೊತ್ತಿರುತ್ತವೆ ಎಂದು ನಂಬಲು ಕಾರಣವಿಲ್ಲ. ಕುಂಡದಲ್ಲಿ ತೂಗುವ ನೇರಳೆ ಹೂವಿನದಂತೂ ಲಂಟಾನ ಮಾಂಟೆವಿಡೆನ್ಸಿಸ್ ಎಂಬ ಬೇರೆಯೇ ಪ್ರಭೇದ.

ಹೂವಿನ ಬಣ್ಣ ಬರೆದುಕೊಳ್ಳುವಾಗಲೂ ಎಚ್ಚರ ಬೇಕು. ಆಗತಾನೇ ಅರಳಿದ ಹೂ ಹಳದಿ, ಹಳತಾದಂತೆ ಕಿತ್ತಳೆ, ಕೆಂಪು ಅಥವಾ ಗುಲಾಬಿ. ಒಂದೇ ಗೊಂಚಲಿನಲ್ಲಿ ಎರಡು ಬಣ್ಣ ಕಾಣುವುದು ಇದರಿಂದಲೇ. ಎಳೆಯ ಹೂವಿನ ಬಣ್ಣ, ಹಳೆಯ ಹೂವಿನ ಬಣ್ಣ, ಕಾಂಡದಲ್ಲಿ ಮುಳ್ಳಿನ ಪ್ರಮಾಣ, ಎತ್ತರ, ಸ್ಥಳ, ದಿನಾಂಕ ಇಷ್ಟೂ ಬೇಕು. ಹೂವಿರುವ ಒಂದು ರೆಂಬೆಯನ್ನು ಒತ್ತಿ ಒಣಗಿಸಿ ಹರ್ಬೇರಿಯಂ ಹಾಳೆ ಮಾಡಿಡಬೇಕು. ಆರ್.ಆರ್. ರಾವ್ ಮತ್ತು ಬಿ.ಎ. ರಜಿ 1981ರಲ್ಲಿ ಹೊರತಂದ ಮೈಸೂರು ಜಿಲ್ಲೆಯ ಸಸ್ಯಗಳ ಗ್ರಂಥ ನಮ್ಮ ಕಡೆಯ ಗಿಡಗಳಿಗೆ ಒಳ್ಳೆಯ ಕೈದೀವಿಗೆ. ಅದನ್ನು ತಿರುವಿಹಾಕದೆ ಮೊಬೈಲಿನಲ್ಲಿ ಚಿತ್ರ ಹೋಲಿಸಿ ಹೆಸರು ಬರೆದ ವರದಿಗೆ ನಾನು ಸಹಿ ಹಾಕುವುದಿಲ್ಲ.

2. ಎಲೆ ಕುಯ್ಯುವ ಜಾಗ ಫಲಿತಾಂಶವನ್ನು ಬದಲಿಸುತ್ತದೆ

ಕೆ.ಆರ್. ನಗರದ ಭತ್ತದ ಬಯಲು, ಹೆಚ್.ಡಿ. ಕೋಟೆಯ ಶುಂಠಿ ಹೊಲ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಪಟ್ಟೆ, ಮೂರರಲ್ಲೂ ಸಿಂಪರಣೆ ಜೋರು. ತಾಮ್ರದ ಔಷಧಿ ಹೊಡೆಯುತ್ತಾರೆ. ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬೆರೆಸಿದ ಪುಡಿಯನ್ನು ಬ್ಯಾಕ್ಟೀರಿಯಾ ರೋಗಗಳಿಗೆ ಹೊಡೆಯುವುದು ಬಹಳ ಕಾಲ ರೂಢಿಯಲ್ಲಿತ್ತು. ಗಾಳಿಗೆ ತೇಲಿಬಂದ ಹನಿ ಬದುವಿನ ಲಂಟಾನದ ಮೇಲೂ ಕೂರುತ್ತದೆ. ಅಂಥ ಎಲೆಯ ಸಾರ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೊಂದರೆ ಕೊಂದದ್ದು ಗಿಡವೋ ಸಿಂಪರಣೆಯೋ ಹೇಳುವುದು ಹೇಗೆ? ಸಿಂಪರಣೆಯಾಗುವ ಹೊಲದಿಂದ ದೂರವಿರುವ ಪೊದೆಯನ್ನೇ ಆರಿಸಿ, ಎಲೆಯನ್ನು ಹರಿಯುವ ನೀರಿನಲ್ಲಿ ತೊಳೆಯಿರಿ.

ದೂರವೆಂದರೆ ಕಾಡಿನೊಳಗೆ ಎಂದು ಅರ್ಥ ಮಾಡಿಕೊಳ್ಳಬೇಡಿ. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಎಲೆಯನ್ನೂ ಅಲ್ಲಿಂದ ತರುವಂತಿಲ್ಲ, ಅದು ಕಳೆಯೇ ಆಗಿದ್ದರೂ. ಕಾಡಿನಾಚೆ ಗೋಮಾಳದ ಅಂಚಿನಲ್ಲಿ ಬೇಕಾದಷ್ಟು ಸಿಗುತ್ತದೆ.

3. ಎಲೆಯಿಂದ ಏನನ್ನು ಎಳೆಯುತ್ತೀರಿ ಎನ್ನುವುದು ದ್ರಾವಕದ ಕೈಯಲ್ಲಿದೆ

ಒಂದು ಎಲೆಯಲ್ಲಿ ಹಲವು ಜಾತಿಯ ಸಂಯುಕ್ತಗಳಿವೆ. ಘಾಟಿಗೆ ಕಾರಣವಾದ ಸುಗಂಧ ತೈಲದಲ್ಲಿ ಬೀಟಾ-ಕ್ಯಾರಿಯೋಫಿಲೀನ್, ಜರ್ಮಾಕ್ರೀನ್-ಡಿ, ಸ್ಯಾಬಿನೀನ್ ಮುಂತಾದವು. ಅವುಗಳ ಪಾಲು ಊರಿಂದೂರಿಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಟ್ರೈಟರ್ಪೀನ್ ಗುಂಪಿನಲ್ಲಿ ಲಂಟಾಡೀನ್ ಎ ಮತ್ತು ಬಿ, ಓಲಿಯಾನೋಲಿಕ್ ಆಮ್ಲ, ಉರ್ಸೋಲಿಕ್ ಆಮ್ಲ. ನೀರಿನತ್ತ ಒಲವಿರುವ ಫೀನಾಲ್ ಗುಂಪಿನಲ್ಲಿ ವರ್ಬಾಸ್ಕೋಸೈಡ್ ಮತ್ತು ಹಲವು ಫ್ಲೇವನಾಯ್ಡ್‌ಗಳು. ಹೆಕ್ಸೇನ್ ಹಾಕಿದರೆ ಎಣ್ಣೆ ಜಾತಿಯವು ಬರುತ್ತವೆ. ಮೆಥನಾಲ್ ಹೆಚ್ಚುಕಡಿಮೆ ಎಲ್ಲವನ್ನೂ ಅಷ್ಟಷ್ಟು ಎಳೆದು ತರುತ್ತದೆ. ನೀರಿನಲ್ಲಿ ಕುದಿಸಿದರೆ ತೈಲ ಹಬೆಯಾಗಿ ಹೋಗುತ್ತದೆ, ಟ್ರೈಟರ್ಪೀನ್‌ಗಳು ಬಹುಪಾಲು ಎಲೆಯಲ್ಲೇ ಉಳಿಯುತ್ತವೆ. ಆದ್ದರಿಂದ ಮೆಥನಾಲ್ ಸಾರದ ಫಲಿತಾಂಶ ತೋರಿಸಿ "ಕಷಾಯ ಕುಡಿದರೆ ಗುಣ" ಎಂದು ಬರೆಯುವುದು ಸುಳ್ಳಾಗುತ್ತದೆ. ಎರಡೂ ಬೇರೆ ಬೇರೆ ಪದಾರ್ಥ.

ಇಲ್ಲಿ ಚೀನಾದ ತು ಯೂಯೂ ಅವರ ಕಥೆಯನ್ನು ನಾನು ತಪ್ಪದೆ ಹೇಳುತ್ತೇನೆ. ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ಅವರಿಗೆ ಆರ್ಟಿಮಿಸಿಯಾ ಗಿಡದ ಸಾರ ಒಮ್ಮೆ ಫಲ ಕೊಟ್ಟರೆ ಇನ್ನೊಮ್ಮೆ ಕೊಡುತ್ತಿರಲಿಲ್ಲ. ಬಿಸಿ ಮಾಡಿದಾಗ ಸಾರದ ಶಕ್ತಿ ಹಾಳಾಗುತ್ತಿರಬಹುದೆಂದು ಊಹಿಸಿ, ಕಡಿಮೆ ಶಾಖದಲ್ಲಿ ಕುದಿಯುವ ಈಥರ್ ಬಳಸಿದರು. ಅಲ್ಲಿಂದ ಆರ್ಟಿಮಿಸಿನಿನ್ ಬಂತು, 2015ರಲ್ಲಿ ನೊಬೆಲ್ ಬಂತು. ದ್ರಾವಕ ಮತ್ತು ಶಾಖ ಯಾವುದೆಂದು ಬರೆಯದ ವರದಿಯನ್ನು ಇನ್ನೊಬ್ಬರು ಮತ್ತೆ ಮಾಡಿ ನೋಡಲು ಆಗುವುದಿಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಎಲೆ ನೆರಳಲ್ಲಿ ಒಣಗುವುದು ಕಷ್ಟ, ಬೂಷ್ಟು ಹಿಡಿಯುತ್ತದೆ. ಬೂಷ್ಟೂ ತನ್ನದೇ ಪ್ರತಿಜೀವಕ ತಯಾರಿಸಬಲ್ಲದು. ಹಾಗಾಗಿ ಬೂಷ್ಟು ಕಂಡ ಎಲೆ ತಿಪ್ಪೆಗೆ ಹೋಗಲಿ.

4. ಬರೀ ದ್ರಾವಕಕ್ಕೂ ಒಂದು ಗುಂಡಿ

ಸಾರವನ್ನು ಕರಗಿಸಿದ ಮೆಥನಾಲ್ ಅಥವಾ ಡಿಎಂಎಸ್‌ಒ ಕೂಡ ಬ್ಯಾಕ್ಟೀರಿಯಾಕ್ಕೆ ತೊಂದರೆ ಕೊಡುತ್ತದೆ. ಅದೇ ಅಳತೆಯ ಬರೀ ದ್ರಾವಕವನ್ನು ತಟ್ಟೆಯ ಅಗರ್‌ನಲ್ಲಿ ಕೊರೆದ ಒಂದು ಗುಂಡಿಗೆ, ಗೊತ್ತಿರುವ ಪ್ರತಿಜೀವಕವನ್ನು ಇನ್ನೊಂದಕ್ಕೆ ಹಾಕದ ತಟ್ಟೆ ಪರೀಕ್ಷೆಯೇ ಅಲ್ಲ.

5. ಉಂಗುರದ ಅಗಲವನ್ನು ನೆಚ್ಚಿಕೊಳ್ಳಬೇಡಿ

ವಿದ್ಯಾರ್ಥಿಗಳ ಜೊತೆ ಅತಿ ಹೆಚ್ಚು ವಾದ ನಡೆಯುವುದು ಈ ವಿಷಯದಲ್ಲಿ. ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸವರಿ, ಗುಂಡಿ ಕೊರೆದು, ಸಾರ ತುಂಬಿ, 37 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಗುಂಡಿಯ ಸುತ್ತ ತಿಳಿ ಉಂಗುರ ಕಾಣುತ್ತದೆ. ಅಳತೆಪಟ್ಟಿ ಹಿಡಿದು ಮಿಲಿಮೀಟರ್ ಲೆಕ್ಕ ಬರೆಯುವುದು ಸುಲಭ. ಈ ಬಗೆಯ ಪರೀಕ್ಷೆಯನ್ನು ಆಸ್ಪತ್ರೆಯ ಪ್ರತಿಜೀವಕಗಳಿಗೆ ಒಂದು ಕ್ರಮಕ್ಕೆ ತಂದವರು ಬಾಯರ್, ಕರ್ಬಿ ಮತ್ತು ಸಂಗಡಿಗರು, 1966ರಲ್ಲಿ. ಅವರ ವಿಧಾನದಲ್ಲಿ ಔಷಧದ ಪ್ರಮಾಣ ಗೊತ್ತು, ಅದು ಅಗರ್‌ನಲ್ಲಿ ಎಷ್ಟು ಹರಡುತ್ತದೆ ಗೊತ್ತು, ಯಾವ ಅಗಲಕ್ಕೆ ಏನರ್ಥ ಎಂಬ ಪಟ್ಟಿ ಇದೆ. ಲಂಟಾನದ ಕಚ್ಚಾ ಸಾರಕ್ಕೆ ಇದ್ಯಾವುದೂ ಇಲ್ಲ.

ಅಗರ್ ಬಹುಪಾಲು ನೀರು. ನೀರಿಗೆ ಒಗ್ಗುವ ಸಂಯುಕ್ತ ಅದರಲ್ಲಿ ದೂರ ಸಾಗುತ್ತದೆ. ಟ್ರೈಟರ್ಪೀನ್ ಸಾರಿನ ಮೇಲಿನ ಎಣ್ಣೆಯ ಹಾಗೆ, ನೀರಿನೊಳಗೆ ಬೆರೆಯದೆ ಗುಂಡಿಯ ಬಳಿಯೇ ನಿಲ್ಲುತ್ತದೆ. ಹಾಗಾಗಿ ದುರ್ಬಲವಾದರೂ ನೀರಿಗೊಗ್ಗುವ ವಸ್ತು ದೊಡ್ಡ ಉಂಗುರ ತೋರಿಸಬಹುದು, ಬಲವಾದರೂ ಎಣ್ಣೆ ಜಾತಿಯದು ಸಣ್ಣ ಉಂಗುರ ತೋರಿಸಬಹುದು. ಎರಡು ಗಿಡಗಳ ಉಂಗುರಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಎಂದು ತೀರ್ಪು ಕೊಡುವುದಕ್ಕೆ ಆಧಾರವಿಲ್ಲ.

ನಿಜವಾದ ಅಳತೆ ಕನಿಷ್ಠ ತಡೆ ಪ್ರಮಾಣ. ಸಾರವನ್ನು ಅರ್ಧಕ್ಕರ್ಧ ತೆಳುವಾಗಿಸುತ್ತ 96 ಗುಳಿಗಳ ತಟ್ಟೆಯಲ್ಲಿ ಹಾಕುತ್ತ ಹೋಗಿ, ಎಲ್ಲದಕ್ಕೂ ಒಂದೇ ಸಂಖ್ಯೆಯ ಬ್ಯಾಕ್ಟೀರಿಯಾ ಸೇರಿಸಿ, ಮರುದಿನ ರೆಸಜ್ಯೂರಿನ್ ಬಣ್ಣ ಹಾಕಬೇಕು. ಬದುಕಿದ ಬ್ಯಾಕ್ಟೀರಿಯಾ ನೀಲಿಯನ್ನು ಗುಲಾಬಿಗೆ ತಿರುಗಿಸುತ್ತದೆ. ನೀಲಿಯಾಗಿಯೇ ಉಳಿದ ಕೊನೆಯ ಗುಳಿ ಉತ್ತರ ಹೇಳುತ್ತದೆ. ಸಾರಕ್ಕೇ ದಟ್ಟ ಹಸಿರು ಬಣ್ಣವಿದ್ದರೆ ಕಣ್ಣಿಗೆ ಮೋಸವಾಗುತ್ತದೆ, ಆಗ ಬ್ಯಾಕ್ಟೀರಿಯಾ ಹಾಕದ ಸಾರದ ಸಾಲೊಂದನ್ನು ಪಕ್ಕದಲ್ಲಿ ಇಡಿ.

ಎಷ್ಟು ಪ್ರಮಾಣಕ್ಕೆ ತಡೆದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು? 2005ರಲ್ಲಿ ಸ್ಪೇನಿನ ರಿಯೋಸ್ ಮತ್ತು ರೆಸಿಯೊ ಒಂದು ಗಡಿ ಹಾಕಿಕೊಟ್ಟರು. ಕಚ್ಚಾ ಸಾರಕ್ಕೆ ಪ್ರತಿ ಮಿಲಿಲೀಟರಿಗೆ 1 ಮಿಲಿಗ್ರಾಂಗಿಂತ, ಶುದ್ಧ ಸಂಯುಕ್ತಕ್ಕೆ 0.1 ಮಿಲಿಗ್ರಾಂಗಿಂತ ಹೆಚ್ಚು ಬೇಕಾದರೆ ಅದನ್ನು ಚಟುವಟಿಕೆ ಎಂದು ಹೊಗಳಬಾರದು. 100 ಮೈಕ್ರೊಗ್ರಾಂ ಒಳಗೆ ಸಾರ ಕೆಲಸ ಮಾಡಿದರೆ ಆಸಕ್ತಿ ಹುಟ್ಟಬೇಕು, ಶುದ್ಧ ಸಂಯುಕ್ತವಾದರೆ 10ರೊಳಗೆ. ಈ ಗಡಿ ಹಿಡಿದು ನೋಡಿದರೆ ನಮ್ಮ ಕಡೆಯ ಪ್ರಾಜೆಕ್ಟ್ ವರದಿಗಳಲ್ಲಿ ಹೆಚ್ಚಿನವು ಜರಡಿಯಲ್ಲಿ ಉಳಿಯುವುದಿಲ್ಲ. ಅದು ಮಕ್ಕಳಿಗೆ ನಿರಾಸೆಯ ಸಂಗತಿ, ಆದರೆ ಅವರಿಗೆ ಸಂಖ್ಯೆಯ ಬೆಲೆ ತಿಳಿಯುವುದು ಆ ದಿನ.

6. ಸ್ಟಫೈಲೊಕಾಕಸ್ ಸೋತರೆ ಇ. ಕೋಲಿಯೂ ಸೋಲಬೇಕೆಂದಿಲ್ಲ

ಚರ್ಮದ ಕೀವಿಗೆ ಕಾರಣವಾಗುವ ಸ್ಟಫೈಲೊಕಾಕಸ್ ಆರಿಯಸ್ ಮೇಲೆ ಲಂಟಾನದ ಸಾರ ಕೆಲಸ ಮಾಡುವುದು ಆಗಾಗ ಕಾಣುತ್ತದೆ, ಇ. ಕೋಲಿ ಮೇಲೆ ಕಡಿಮೆ. ಇ. ಕೋಲಿಯಂಥ ಗ್ರಾಂ-ಋಣ ಬ್ಯಾಕ್ಟೀರಿಯಾಗಳಿಗೆ ಹೊರಗೊಂದು ಪೊರೆ ಹೆಚ್ಚಿಗೆ ಇರುತ್ತದೆ. ಒಳನುಗ್ಗಿದ್ದನ್ನು ಹೊರದಬ್ಬುವ ಪಂಪುಗಳೂ ಅವಕ್ಕೆ ಜೋರು.

ಈ ಪಂಪಿನ ವಿಷಯ ಗಿಡಗಳ ಬಗೆಗಿನ ನನ್ನ ದೃಷ್ಟಿಯನ್ನೇ ಬದಲಿಸಿದೆ. ದಾರುಹರಿದ್ರಾದ ಜಾತಿಯ ಗಿಡಗಳಲ್ಲಿ ಬರ್ಬರೀನ್ ಎಂಬ ಹಳದಿ ವಸ್ತುವಿದೆ. ಒಂಟಿಯಾಗಿ ಅದು ಸ್ಟಫೈಲೊಕಾಕಸ್ ಮೇಲೆ ದುರ್ಬಲ, ಏಕೆಂದರೆ ಬ್ಯಾಕ್ಟೀರಿಯಾ ಅದನ್ನು ಪಂಪು ಮಾಡಿ ಹೊರಹಾಕುತ್ತದೆ. 2000ನೇ ಇಸವಿಯಲ್ಲಿ ಅಮೆರಿಕದ ಸ್ಟರ್ಮಿಟ್ಸ್, ಲೂಯಿಸ್ ಮತ್ತವರ ತಂಡ ಅದೇ ಗಿಡಗಳಲ್ಲಿ ಇನ್ನೊಂದು ವಸ್ತುವನ್ನು ಗುರುತಿಸಿತು. ಅದು ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಪಂಪನ್ನು ಮಾತ್ರ ಕಟ್ಟಿಹಾಕುತ್ತದೆ. ಆಗ ಬರ್ಬರೀನ್ ಒಳಗೇ ಉಳಿದು ಕೆಲಸ ಮಾಡುತ್ತದೆ. ಲಂಟಾನದ ಸಾರವನ್ನು ಭಾಗಭಾಗವಾಗಿ ಬೇರ್ಪಡಿಸುತ್ತ ಹೋದಾಗ ಶಕ್ತಿ ಹೆಚ್ಚುವ ಬದಲು ಮಾಯವಾದರೆ ಬೇರ್ಪಡಿಸುವ ಕಾಲಮ್ ಕೆಟ್ಟಿತೆಂದು ಕೈಚೆಲ್ಲಬೇಡಿ. ಎರಡು ಭಾಗಗಳನ್ನು ಮತ್ತೆ ಸೇರಿಸಿ ನೋಡಿ.

ಟ್ಯಾನಿನ್ ಇದಕ್ಕೆ ತದ್ವಿರುದ್ಧದ ಮೋಸಗಾರ. ಕಂಡ ಪ್ರೋಟೀನಿಗೆಲ್ಲ ಅಂಟಿಕೊಂಡು ಯಾವ ಪರೀಕ್ಷೆಯಲ್ಲೂ "ಫಲ ಇದೆ" ಎನ್ನಿಸುತ್ತದೆ. ಅದನ್ನು ಮೊದಲೇ ತೆಗೆದಿಟ್ಟು ಉಳಿದದ್ದನ್ನು ಪರೀಕ್ಷಿಸುವುದು ಒಳ್ಳೆಯದು.

7. ತಟ್ಟೆಯಲ್ಲಿ ಸತ್ತದ್ದು ಹೊಲದಲ್ಲಿ ಸಾಯುವುದಿಲ್ಲ

"ನಿಮ್ ತಟ್ಟೇಲಿ ಸತ್ತದ್ದು ನಮ್ ಹೊಲ್ದಲ್ಲಿ ಯಾಕ್ ಸಾಯಕಿಲ್ಲ ಮೇಷ್ಟ್ರೇ?" ಹೆಚ್.ಡಿ. ಕೋಟೆ ಕಡೆಯ ಶುಂಠಿ ಬೆಳೆಗಾರರೊಬ್ಬರು ಹೀಗೆ ಕೇಳಿದ್ದರು. ಅವರ ಮಗಳು ನನ್ನ ವಿದ್ಯಾರ್ಥಿನಿ. ಮನೆಗೆ ಹೋಗಿ ಲಂಟಾನದ ಉಂಗುರದ ಫೋಟೊ ತೋರಿಸಿದ್ದಳು. ಶುಂಠಿಗೆ ಸಾಲ ಮಾಡಿ ಗುತ್ತಿಗೆಗೆ ಹೊಲ ಹಿಡಿದವರಿಗೆ ದುಂಡಾಣು ಸೊರಗು ರೋಗ ಬಂದರೆ ವರ್ಷದ ಬದುಕೇ ಮುಳುಗುತ್ತದೆ. ಅವರ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕು.

ಆ ರೋಗ ತರುವುದು ರಾಲ್‌ಸ್ಟೋನಿಯ ಎಂಬ ಬ್ಯಾಕ್ಟೀರಿಯಾ. ಅದು ಮಣ್ಣಿನಲ್ಲಿ, ಬಿತ್ತನೆ ಗೆಡ್ಡೆಯೊಳಗೆ, ಹರಿಯುವ ನೀರಿನಲ್ಲಿ ಇರುತ್ತದೆ. ಬೇರಿನ ಮೂಲಕ ನೀರಿನ ನಾಳಕ್ಕೆ ಹೊಕ್ಕು ಅಲ್ಲೇ ತುಂಬಿಕೊಳ್ಳುತ್ತದೆ. ರೋಗದ ಗಿಡದ ಕಾಂಡ ಕುಯ್ದು ತಿಳಿನೀರಿನ ಲೋಟದಲ್ಲಿ ಇಳಿಬಿಟ್ಟರೆ ತುದಿಯಿಂದ ಹಾಲಿನಂಥ ಎಳೆ ಇಳಿಯುವುದು ಕಾಣುತ್ತದೆ. ಬುಡಕ್ಕೆ ಸುರಿದ ಎಲೆಯ ರಸ ಆ ನಾಳದೊಳಗೆ ಹೋಗುವುದಿಲ್ಲ. ಮಣ್ಣಿಗೆ ಬಿದ್ದ ಕೂಡಲೇ ಫೀನಾಲ್‌ಗಳು ಜೇಡಿಯ ಕಣಕ್ಕೆ ಅಂಟುತ್ತವೆ, ಉಳಿದದ್ದನ್ನು ಮಣ್ಣಿನ ಬೇರೆ ಜೀವಿಗಳು ತಿಂದುಹಾಕುತ್ತವೆ. ತಟ್ಟೆಯಲ್ಲಿ ಒಂದು ಗುಂಡಿಗೆ ಹಾಕುವ ಸಾಂದ್ರತೆಯನ್ನು ಒಂದು ಎಕರೆಯ ಮಣ್ಣಿಗೆ ಲೆಕ್ಕ ಹಾಕಿ ನೋಡಿ. ಅಷ್ಟು ಎಲೆ, ಅಷ್ಟು ಮೆಥನಾಲ್ ಯಾವ ರೈತನ ಕೈಗೂ ಎಟುಕುವುದಿಲ್ಲ.

ಅವರಿಗೆ ನಾನು ಹೇಳಿದ್ದು ಹಳೆಯ ಮಾತುಗಳನ್ನೇ. ರೋಗ ಕಾಣದ ಹೊಲದಿಂದಲೇ ಬಿತ್ತನೆ ಗೆಡ್ಡೆ ತನ್ನಿ. ಒಮ್ಮೆ ರೋಗ ಬಂದ ಹೊಲಕ್ಕೆ ಮತ್ತೆ ಶುಂಠಿಯಾಗಲಿ ಟೊಮೇಟೊ, ಆಲೂಗಡ್ಡೆಯಾಗಲಿ ಹಾಕಬೇಡಿ, ರಾಗಿ, ಜೋಳ, ಭತ್ತಕ್ಕೆ ಬಿಡಿ. ಮೇಲಿನ ಹೊಲದ ನೀರು ನಿಮ್ಮ ಪಟ್ಟೆಗೆ ಹರಿಯದಂತೆ ಕಾಲುವೆ ತೆಗೆಯಿರಿ. ರೋಗದ ಗಿಡ ಕಿತ್ತ ಕೈ, ಗುದ್ದಲಿ ತೊಳೆಯದೆ ಪಕ್ಕದ ಸಾಲಿಗೆ ಹೋಗಬೇಡಿ.

8. ಅದೇ ಎಲೆ ಹಸುವನ್ನು ಕೊಲ್ಲುತ್ತದೆ

ಲಂಟಾನದ ಬಗ್ಗೆ ಬರೆಯುವವರು ಮೊದಲು ಬರೆಯಬೇಕಾದ್ದು ಇದನ್ನು. ಬೇಸಿಗೆಯಲ್ಲಿ ಮೇವು ಬತ್ತಿದಾಗ, ಇಲ್ಲವೇ ಬೇರೆ ಊರಿಂದ ಕೊಂಡು ತಂದ, ಗಿಡದ ಪರಿಚಯವಿಲ್ಲದ ದನ ಬೇಲಿಗೆ ಬಾಯಿ ಹಾಕಿದಾಗ ಅನಾಹುತವಾಗುತ್ತದೆ. ಲಂಟಾಡೀನ್‌ಗಳು ಯಕೃತ್ತಿನಲ್ಲಿ ಪಿತ್ತದ ಹರಿವನ್ನು ನಿಲ್ಲಿಸುತ್ತವೆ. ಹಸು ಮೇವು ಬಿಡುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಕಣ್ಣು ಹಳದಿಗೆ ತಿರುಗುತ್ತದೆ. ಮೇವಿನ ಪತ್ರಹರಿತ್ತು ಹೊಟ್ಟೆಯಲ್ಲಿ ಒಡೆದು ಉಂಟಾಗುವ ವಸ್ತುವೊಂದು ಪಿತ್ತದ ಜೊತೆ ಹೊರಹೋಗಬೇಕಿತ್ತು. ದಾರಿ ಕಟ್ಟಿದ್ದರಿಂದ ಅದು ರಕ್ತಕ್ಕೆ ಸೇರಿ ಚರ್ಮದಲ್ಲಿ ನಿಲ್ಲುತ್ತದೆ. ಬಿಸಿಲು ಬಿದ್ದಲ್ಲಿ ಚರ್ಮ ಸುಟ್ಟಂತಾಗಿ ಸುಲಿಯುತ್ತದೆ. ಎಚ್‌ಎಫ್ ಮಿಶ್ರತಳಿಯ ಬಿಳಿ ಮಚ್ಚೆಗಳ ಮೇಲೆ, ಮೂತಿಯ ಮೇಲೆ ಇದು ಮೊದಲು ಕಾಣುತ್ತದೆ. ತಿಂದ ಎಲೆ ಹೊಟ್ಟೆಯಲ್ಲೇ ಕುಳಿತು ವಿಷ ಬಿಡುತ್ತಲೇ ಇರುವುದರಿಂದ ಕಾಯುತ್ತ ಕೂರುವಂತಿಲ್ಲ. ಹಸುವನ್ನು ನೆರಳಿಗೆ ಕಟ್ಟಿ ಪಶುವೈದ್ಯರನ್ನು ಕರೆಸಬೇಕು. ವಿಷವನ್ನು ಹೀರಿಕೊಳ್ಳುವ ಸಕ್ರಿಯ ಇದ್ದಿಲನ್ನು ಎಷ್ಟು ಬೇಗ ಕುಡಿಸಿದರೆ ಅಷ್ಟು ಒಳ್ಳೆಯದು.

ಹಿಮಾಚಲದ ಪಾಲಂಪುರದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ಓ.ಪಿ. ಶರ್ಮ ಮತ್ತು ಸಂಗಡಿಗರು ಈ ವಿಷದ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ನಮ್ಮ ಪ್ರಾಜೆಕ್ಟುಗಳಿಗೆ ಅದರಿಂದ ಸಿಗುವ ಪಾಠ ದೊಡ್ಡದು. ಬ್ಯಾಕ್ಟೀರಿಯಾ ತಡೆಯಲು ನಾವು ನೆಚ್ಚುವ ಟ್ರೈಟರ್ಪೀನ್ ಗುಂಪಿನಲ್ಲೇ ಯಕೃತ್ತನ್ನು ಕೆಡಿಸುವ ಲಂಟಾಡೀನ್ ಇದೆ. ಒಂದನ್ನು ಇನ್ನೊಂದರಿಂದ ಬೇರೆ ಮಾಡದೆ, ಬ್ಯಾಕ್ಟೀರಿಯಾಕ್ಕೆ ಬೇಕಾದ ಪ್ರಮಾಣ ಜೀವಕೋಶಕ್ಕೆ ವಿಷವಾಗುವ ಪ್ರಮಾಣಕ್ಕಿಂತ ಎಷ್ಟು ಕೆಳಗಿದೆ ಎಂದು ತೋರಿಸದೆ "ಔಷಧೀಯ" ಎಂಬ ಪದ ಬಳಸುವುದು ಅಪಾಯ.

ಕೆಚ್ಚಲು ಬಾವಿಗೆ ಈ ರಸ ಹಚ್ಚಬಹುದೇ ಎಂದು ಕೇಳುತ್ತಾರೆ. ಆ ಬಾವಿಗೆ ಸ್ಟಫೈಲೊಕಾಕಸ್ ಒಂದು ಮುಖ್ಯ ಕಾರಣ ಎನ್ನುವುದು ನಿಜ. ಆದರೂ ಬೇಡ. ಕೆಚ್ಚಲು ನೆಕ್ಕುವ ಹಸು, ಹಾಲು ಕುಡಿಯುವ ಕರು ಎರಡಕ್ಕೂ ಕುತ್ತು. ಮೊಲೆತೊಟ್ಟಿನ ರಂಧ್ರಕ್ಕೆ ಹಸಿ ರಸ ಬಿಟ್ಟರೆ ಹೊಸ ಸೋಂಕನ್ನು ಕೈಯಾರೆ ಒಳಗೆ ಕಳಿಸಿದಂತೆ. ಹಾಲು ಕರೆಯುವ ಮುನ್ನ ಮೊದಲ ಹನಿಗಳನ್ನು ಕಪ್ಪು ಬಟ್ಟೆಯ ಮೇಲೆ ಕರೆದು ಗರಣೆ ಇದೆಯೇ ನೋಡುವುದು, ಕರೆದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ಇವೆರಡು ಯಾವ ಎಲೆರಸಕ್ಕಿಂತಲೂ ಹೆಚ್ಚು ಕಾಯುತ್ತವೆ.

9. ಕಾಡಿನವರ ತಿಳಿವಳಿಕೆಗೆ ಹೆಸರೂ ಇದೆ, ಹಕ್ಕೂ ಇದೆ

ಲಂಟಾನ ನಮ್ಮ ಸೀಮೆಗೆ ಬಂದು ಎರಡು ಶತಮಾನ ಆಗಿರಬಹುದು ಅಷ್ಟೆ. "ಪ್ರಾಚೀನ ಆಯುರ್ವೇದದಲ್ಲಿ ಉಲ್ಲೇಖವಿದೆ" ಎಂದು ಪೀಠಿಕೆಯಲ್ಲಿ ಬರೆದುಕೊಂಡು ಬಂದರೆ ಅಲ್ಲೇ ಕೆಂಪು ಗೆರೆ ಎಳೆಯುತ್ತೇನೆ. ಗಾಯಕ್ಕೆ, ತುರಿಕೆಗೆ ಅದನ್ನು ಬಳಸುವ ಪದ್ಧತಿ ಜನ ಹೊಸ ಗಿಡವನ್ನು ನೋಡಿ ನೋಡಿ ಕಂಡುಕೊಂಡದ್ದು. ಹೆಚ್.ಡಿ. ಕೋಟೆ, ಹುಣಸೂರು ಕಡೆಯ ಜೇನುಕುರುಬ, ಬೆಟ್ಟಕುರುಬ ಹಾಡಿಗಳಲ್ಲಿ ಇಂಥ ಕಣ್ಣುಳ್ಳ ಹಿರಿಯರಿದ್ದಾರೆ. ಹಾಡಿಗೆ ಹೋಗಿ ಅರ್ಧ ಗಂಟೆ ಕೂತು, ಕೇಳಿದ್ದನ್ನೆಲ್ಲ ಬರೆದುಕೊಂಡು, ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸುವುದು ಸಲ್ಲದು. 2002ರ ಜೀವವೈವಿಧ್ಯ ಕಾಯ್ದೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸಮಿತಿ, ಜನತಾ ಜೀವವೈವಿಧ್ಯ ದಾಖಲೆ ಎರಡನ್ನೂ ಕೇಳುತ್ತದೆ. ಮೊದಲು ಆ ಸಮಿತಿಯನ್ನು ಕಾಣಿ. ಯಾವುದನ್ನು ಬರೆಯಬಹುದು, ಯಾವುದನ್ನು ಬರೆಯಬಾರದು ಎಂದು ಹೇಳಿದವರನ್ನೇ ಕೇಳಿ.

ಎಲೆಗೆ ಬೇಡಿಕೆ ಹುಟ್ಟಿದರೆ ಕಾಡಿನ ಲಂಟಾನ ತಾನೇ ಕರಗುತ್ತದೆ ಎನ್ನುವ ಮಾತೂ ಆಗಾಗ ಕೇಳಿಬರುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ದೇಶದ ಹುಲಿ ಕಾಡುಗಳಲ್ಲಿ ಸುಮಾರು 1,54,000 ಚದರ ಕಿಲೋಮೀಟರ್ ಲಂಟಾನದ ಹಿಡಿತದಲ್ಲಿದೆ. ಎಲೆ ಕುಯ್ದರೆ ಬುಡ ಮತ್ತೆ ಚಿಗುರುತ್ತದೆ, ಇನ್ನೂ ದಟ್ಟವಾಗಿ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ತಂಡ ತೋರಿಸಿಕೊಟ್ಟ ಹಾಗೆ ಚಿಗುರುವ ಗೆಣ್ಣಿನ ಕೆಳಗೆ, ಮಣ್ಣಿನೊಳಗೆ ಬೇರನ್ನು ಕತ್ತರಿಸಿ ಬುಡಮೇಲು ಮಾಡಿದರೆ ಗಿಡ ಸಾಯುತ್ತದೆ. ಆ ಕೆಲಸಕ್ಕೆ ಕೂಲಿ ಹಾಡಿಯವರಿಗೆ ಸಿಗಲಿ, ಕಡ್ಡಿಯಿಂದ ಬುಟ್ಟಿ, ಕುರ್ಚಿ ಆಗಲಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀ ಸಂಸ್ಥೆಯ ನೆರವಿನಿಂದ ಅದನ್ನು ಮಾಡಿ ತೋರಿಸಿದ್ದಾರೆ.

10. ಉಂಗುರ ಬಾರದ ತಟ್ಟೆಯೂ ವರದಿಗೆ ಸೇರಲಿ

ಫಲ ಬಾರದ್ದನ್ನು ಪುಸ್ತಕದಿಂದ ಹರಿದುಹಾಕುವ ಚಾಳಿ ನಮ್ಮಲ್ಲಿ ಆಳವಾಗಿ ಬೇರುಬಿಟ್ಟಿದೆ. ಪಿರಿಯಾಪಟ್ಟಣದ ಗುಲಾಬಿ ಹೂವಿನ ಬಗೆಯ ನೀರಿನ ಸಾರ ಏನೂ ಮಾಡಲಿಲ್ಲ ಎಂದು ಈ ವರ್ಷದ ತಂಡ ಬರೆದಿಟ್ಟರೆ, ಬರುವ ವರ್ಷದವರು ಅದರಲ್ಲಿ ಮೂರು ತಿಂಗಳು ಕಳೆಯುವುದು ತಪ್ಪುತ್ತದೆ. ಪ್ರತಿ ಪರೀಕ್ಷೆ ಮೂರು ಸಲ, ಬೇರೆ ಬೇರೆ ದಿನ. ಮೂರಕ್ಕೂ ಸಂಖ್ಯೆ ಬರೆಯಿರಿ. ಬಳಸಿದ ಬ್ಯಾಕ್ಟೀರಿಯಾ ಚಂಡೀಗಢದ ಎಂಟಿಸಿಸಿ ಸಂಗ್ರಹದ್ದಾದರೆ ಅದರ ಕ್ರಮಸಂಖ್ಯೆ ಕೊಡಿ. ಕೆಲಸ ಮುಗಿದ ತಟ್ಟೆಗಳನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡದೆ ಕಸಕ್ಕೆ ಹಾಕಬೇಡಿ.

ಮುಂದಿನ ತಂಡಕ್ಕೆ ಕೆಲಸ ಗೊತ್ತುಮಾಡಿಟ್ಟಿದ್ದೇನೆ. ನಾಲ್ಕು ತಾಲ್ಲೂಕಿನಲ್ಲಿ ಒಂದೊಂದು ಪೊದೆಗೆ ಚೀಟಿ ಕಟ್ಟಿ, ಅದೇ ಪೊದೆಯ ಎಲೆಯನ್ನು ಏಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಕುಯ್ದು, ಒಂದೇ ದ್ರಾವಕದಲ್ಲಿ ಸಾರ ತೆಗೆದು, ಸ್ಟಫೈಲೊಕಾಕಸ್ ಮೇಲೆ ಕನಿಷ್ಠ ತಡೆ ಪ್ರಮಾಣ ಅಳೆಯುವುದು. ಜೊತೆಗೆ ತೆಳುಪದರದ ವರ್ಣರೇಖನದಲ್ಲಿ ಲಂಟಾಡೀನ್‌ನ ಚುಕ್ಕೆ ಯಾವ ಋತುವಿನಲ್ಲಿ ದಪ್ಪ, ಯಾವುದರಲ್ಲಿ ತೆಳು ಎಂದು ನೋಡುವುದು. ಶಕ್ತಿ ಏರಿದಾಗ ವಿಷದ ಚುಕ್ಕೆಯೂ ಏರುತ್ತದೆಯೋ, ಅಥವಾ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆಯೋ ಎನ್ನುವುದು ಪ್ರಶ್ನೆ. ಬೇರೆ ದಾರಿ ಹಿಡಿದರೆ ಆ ಸಾರವನ್ನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಂಥ ಕಡೆ ಕೊಂಡೊಯ್ದು ಶುದ್ಧಗೊಳಿಸಿಕೊಡಿ ಎಂದು ಕೇಳಲು ನಮ್ಮ ಕೈಯಲ್ಲಿ ಒಂದು ಗಟ್ಟಿ ಕಾರಣ ಇರುತ್ತದೆ.